ಮುತ್ಯಾ ಹಿಂತಿರುಗಿ ನೋಡಲಿಲ್ಲ

ಸಿಕಂದರಾಬಾದ್
ರವಿವಾರ, 4 ಜನವರಿ 2026

ನನ್ನ ಬಂಗಾರದ ಮೊಮ್ಮಗ ನಿಶಾಂತಾ,

ಆಯಿಯ ಮುದ್ದು, ಮೇಲೆ ಒಂದು ಬೊಗಸೆ ಹರಕೆ. ಹೇಗಿದ್ದೀಯಪ್ಪಾ? ನೆಗಡಿ ಹೋಯಿತೇ? ಹಾಸ್ಟೆಲಿನಲ್ಲಿ ಕತ್ತಲಿರುವಾಗಲೇ ಎಬ್ಬಿಸಿ ಓದಲು ಕೂಡಿಸುತ್ತಾರೆ ಎಂದು ನಿಮ್ಮಮ್ಮ ಹೇಳಿದಳು. ಕಿವಿ ಮುಚ್ಚುವಂತೆ ಟೋಪಿ ಹಾಕಿಕೊಂಡು ಕೂಡು, ಚಳಿಯಲ್ಲಿ ಸೊಗಸು ನೋಡಬಾರದು. ಶೇಂಗಾ ಚಟ್ನಿಪುಡಿಯ ಡಬ್ಬಿ ಕಳಿಸಿದ್ದೇನೆ. ಗೆಳೆಯರಿಗೆ ಕೊಡು, ಆದರೆ ಧರ್ಮಾತ್ಮನಂತೆ ಎಲ್ಲವನ್ನೂ ಹಂಚಿ ನೀನು ಬರೀ ಅನ್ನ ತಿನ್ನಬೇಡ. ನಿಮ್ಮಲ್ಲಿ ಫೋನ್ ಇಟ್ಟುಕೊಳ್ಳಗೊಡುವುದಿಲ್ಲ, ವಾರಕ್ಕೊಮ್ಮೆ ಸಿಗುವ ಐದು ನಿಮಿಷ ನಿಮ್ಮಮ್ಮನ ಪ್ರಶ್ನೆಗಳಿಗೇ ಸಾಲದು. ಅದಕ್ಕೇ ಈ ಕಾಗದ. ನಿಮ್ಮ ವಾರ್ಡನ್ ಒಡೆದು ನೋಡಿದರೂ ನೋಡಲಿ, ಆ ಪುಣ್ಯಾತ್ಮನಿಗೆ ಕನ್ನಡ ಬರುವುದಿಲ್ಲ! ನೀನು ಸಣ್ಣವನಿದ್ದಾಗ ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ಹಿಟ್ಟು ಹರವಿ ಅಕ್ಷರ ತಿದ್ದಿಸಿದ್ದೆನಲ್ಲ, ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಇರುವಾಗ ಇದೇಕೆ ಎಂದು ನಿಮ್ಮಪ್ಪ ಗೊಣಗಿದ್ದ. ನೋಡು, ಹೇಗೆ ಉಪಯೋಗಕ್ಕೆ ಬಂತು.

ಈಗ ಸುದ್ದಿ ಕೇಳು. ಇಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ಹೋಯಿತು ರಾಜಾ, ಹೋಯಿತು! ನನ್ನ ಯಜಮಾನರ, ಅಂದರೆ ನಿನ್ನ ಮುತ್ಯಾನ ಫೇಸ್‌ಬುಕ್ ಖಾತೆ ಬೇರುಸಹಿತ ಹೋಯಿತು! ಇವತ್ತು ಬೆಳಿಗ್ಗೆ ನಿಮ್ಮಮ್ಮ ತನ್ನ ಫೋನಿನಲ್ಲಿ ಅಮರೇಶಪ್ಪ ಎಂದು ಹುಡುಕಿದಳು. ಎಷ್ಟೋ ಊರಿನ ಅಮರೇಶಪ್ಪಂದಿರು ಬಂದರು, ನಮ್ಮ ಅಮರೇಶಪ್ಪ ಮಾತ್ರ ಇಲ್ಲ! ನಾನು ಒಲೆಯ ಮೇಲಿನ ಹಾಲು ಮರೆತು ಚಪ್ಪಾಳೆ ತಟ್ಟಿದೆ. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು, ಯಾರೂ ಬೈಯಲಿಲ್ಲ.

ನೀನು ದಸರೆಯ ಮರುವಾರ ಔಟಿಂಗಿಗೆ ಬಂದು, ಊಟದ ತಾಟು ಬಿಟ್ಟು ಎದ್ದು ಹೋದೆಯಲ್ಲ, ಆ ಮೇಲೆ ಈ ಮಾತು ನಾವು ಯಾರೂ ಎದುರುಬದುರು ಆಡಿಲ್ಲ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಿನ್ನ ಜಾವಳ ತೆಗೆಸುವ ಮೊದಲು, ಎಲ್ಲ ಮನೆಗಳಲ್ಲಿ ಮಾಡುವಂತೆ, ಬೆಳೆದ ಕೂದಲಿಗೆ ಹೆರಳು ಹಾಕಿ, ಮಲ್ಲಿಗೆ ಮುಡಿಸಿ, ಹುಡುಗಿಯರ ಪರಕಾರ ಪೋಲಕ ತೊಡಿಸಿ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ದೆವು. ನೀನು ಇಂಟರ್ ಕಾಲೇಜು ಸೇರಿದ ದಿನ ಮುತ್ಯಾ ಹಿಗ್ಗಿ ಹೀರೇಕಾಯಿಯಾಗಿ ಆ ಫೋಟೋವನ್ನೂ ಈಗಿನ ಫೋಟೋವನ್ನೂ ಜೋಡಿಸಿ 'ಅಂದು ಇಂದು' ಎಂದು ಫೇಸ್‌ಬುಕ್ಕಿಗೆ ಏರಿಸಿದರು. ಅಷ್ಟಕ್ಕೆ ಬಿಟ್ಟರೇ? ಊರಿಗೆ ಡಂಗುರ ಸಾರಿದಂತೆ ನಿಮ್ಮ ಕಾಲೇಜಿನ ಪೇಜಿಗೂ ಟ್ಯಾಗ್ ಮಾಡಿದರು. ದಸರೆಯ ರಜೆಯಲ್ಲಿ ಹುಡುಗರ ಕೈಗೆ ಫೋನ್ ಬಂದದ್ದೇ ತಡ, ನೀನು ಹಾಸ್ಟೆಲಿಗೆಲ್ಲ ತೆಲುಗಿನ 'ಅಮ್ಮಾಯಿ', ಹುಡುಗಿ ಆಗಿಬಿಟ್ಟೆ. ತಾಟು ಬಿಟ್ಟು ಎದ್ದ ದಿನ ನೀನು ಅಂದದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಮುತ್ಯಾ, ಹಾಕೂ ಮುಂಚೆ ನನ್ನ ಒಂದು ಮಾತು ಕೇಳಿದ್ದೇನು?" ಆ ಮೇಲೆ ನೀನು ಔಟಿಂಗಿಗೆ ಬರಲಿಲ್ಲ, ಫೋನಿನಲ್ಲಿ ಅವರ ದನಿ ಕೇಳಿದೊಡನೆ ಇಟ್ಟುಬಿಟ್ಟೆ. ಸಂಕ್ರಮಣದ ರಜೆಗೂ ಬರುವುದಿಲ್ಲ, ಅಲ್ಲೇ ಓದಿಕೊಳ್ಳುತ್ತೇನೆ ಎಂದೆಯಂತೆ. ಅದನ್ನು ಕೇಳಿದ ದಿನ ನನಗೆ ರೊಟ್ಟಿ ಬಡಿಯಲು ಕೈ ಬರಲಿಲ್ಲ ಕಣೋ.

ಫೋಟೋ ಒಂದನ್ನೇ ತೆಗೆದರೆ ಸಾಕೆಂದು ನಿಮ್ಮಪ್ಪ ಹೇಳಿದ. ಮುತ್ಯಾ ಕೇಳಲಿಲ್ಲ. ನಿನ್ನ ತೊಟ್ಟಿಲಿನಿಂದ ಹಿಡಿದು ಎಲ್ಲವೂ ಅದರಲ್ಲಿದೆ, ಇಡೀ ಖಾತೆಯೇ ಬೇಡ ಎಂದು ಹಠ ಹಿಡಿದರು. ಆದರೆ ನಿನ್ನ ಮುತ್ಯಾ ಎಂಥವರೆಂದು ನಿನಗೆ ಗೊತ್ತಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿ ಜೀವನ ಕಳೆದವರು. ಗಾಡಿ ಬಿಟ್ಟ ಮೇಲೆ ಹಿಂದಕ್ಕೆ ನೋಡುವುದೇ ಅವರ ನೌಕರಿ. ಮನೆಗೆ ಬೀಗ ಹಾಕಿದರೆ ಜಗ್ಗಿ ನೋಡುತ್ತಾರೆ, ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಜಗ್ಗುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. ಮೊದಲ ಸಲ ಖಾತೆಯನ್ನು ಬರೀ ಮಲಗಿಸಿದ್ದರು. ಅಳಿಸುವುದೇ ಬೇರೆ, ಮಲಗಿಸುವುದೇ ಬೇರೆಯಂತೆ. ಮರುದಿನ ತೆರೆದು ನೋಡಿದರೆ ಎಲ್ಲ ಕಣ್ಣು ಬಿಟ್ಟುಕೊಂಡು ಕೂತಿದೆ! ಎರಡನೆಯ ಸಲ ನಿಮ್ಮಮ್ಮನನ್ನು ಕೂಡಿಸಿಕೊಂಡು, ಸೋಮವಾರ ನೋಡಿ, ರಾಹುಕಾಲ ತಪ್ಪಿಸಿ, ಹಣೆಗೆ ಈಬತ್ತಿ ಹಚ್ಚಿಕೊಂಡು ಸರಿಯಾದ ಗುಂಡಿಯನ್ನೇ ಒತ್ತಿದರು. ಮೂವತ್ತು ದಿನ ಅದನ್ನು ಮುಟ್ಟಬಾರದು, ನಡುವೆ ಒಮ್ಮೆ ಒಳಗೆ ಹೋಗಿ ಖಾತೆ ಉಳಿಸಿಕೊಂಡರೆ ಅಳಿಸಿದ್ದು ರದ್ದು ಎಂದು ಅವಳು ತಿಳಿಸಿ ಹೇಳಿದಳು. ಅರ್ಧ ತಿಂಗಳು ತಡೆದುಕೊಂಡರು. ಒಂದು ದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ, "ಹೋಗೈತೋ ಇಲ್ಲೋ ಒಮ್ಮೆ ನೋಡ್ತೀನಿ ಸೂಗೂ, ಕಡೀ ಡಬ್ಬಿ ದಾಟೂ ತನಕ ಗಾರ್ಡ್ ಕಣ್ಣು ತೆಗೀಬಾರದು" ಎಂದು ಬಚ್ಚಲಮನೆಯ ಬಾಗಿಲಾಚೆಯಿಂದ ನನಗೆ ಕೂಗುತ್ತ ಖಾತೆಯೊಳಗೆ ಹೋಗಿ, ಅಲ್ಲಿ ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತಿ, ಎಲ್ಲವನ್ನೂ ಮತ್ತೆ ಎಬ್ಬಿಸಿ ಕೂಡಿಸಿದ್ದರು! ಬಿತ್ತಿದ ಕಾಳನ್ನು ಮೊಳೆತಿದೆಯೇ ಎಂದು ಕೆದರಿ ನೋಡುವ ಮಗುವಿನ ಹಾಗೆ. ನಾನು ಆ ದಿನ ಅವರಿಗೆ ಸಕ್ಕರೆ ಇಲ್ಲದ ಚಹಾ ಕೊಟ್ಟೆ.

ಮೂರನೆಯ ಸಲ ಅಧಿಕಾರ ನಾನು ತೆಗೆದುಕೊಂಡೆ. ಅಳಿಸುವ ಗುಂಡಿ ಒತ್ತುವ ಮೊದಲು ಪಾಸ್‌ವರ್ಡ್ ಬದಲಿಸಿದೆ, ಯಾರಿಗೂ ಹೇಳಲಿಲ್ಲ. ನಿನಗೆ ಮಾತ್ರ ಹೇಳುತ್ತೇನೆ, ಈಗೇನು ಅದು ಸತ್ತುಹೋದ ಬೀಗ: ನನ್ನ ಹುಟ್ಟಿದ ದಿನ. ಮದುವೆಯಾದಾಗಿನಿಂದ ಒಂದು ವರ್ಷವೂ ನಿನ್ನ ಮುತ್ಯಾನಿಗೆ ಅದು ನೆನಪಾದದ್ದಿಲ್ಲ. ಇಡೀ ಹೈದರಾಬಾದಿನಲ್ಲಿ ಇದಕ್ಕಿಂತ ಭದ್ರವಾದ ಬೀಗ ಯಾವುದಿದೆ? ಆ ದಿನದಿಂದ ಪಾಪ, ಅವರ ಅವಸ್ಥೆ ನೋಡಬೇಕಿತ್ತು. ಬೆಳಿಗ್ಗೆ ಎದ್ದೊಡನೆ ಹಳೆಯ ಗಾರ್ಡುಗಳಿಗೆಲ್ಲ ಹೂವಿನ ಚಿತ್ರ ಹಾಕಿ ಶುಭೋದಯ ಎನ್ನುತ್ತಿದ್ದವರು, ಫೋನ್ ಹಿಡಿದುಕೊಂಡು ಬಾಲ್ಕನಿಯಲ್ಲಿ ಸುಮ್ಮನೆ ಕೂಡುತ್ತಿದ್ದರು. ಆದರೆ ಕೆಲಸ ಬಿಡಲಿಲ್ಲ. ರಾಯಚೂರಿನ ಪಾರ್ವತೆಮ್ಮ, ಅವರ ತಂಗಿ, ನಿನ್ನ ಹೆರಳಿನ ಫೋಟೋ ತನ್ನ ಖಾತೆಯಲ್ಲೂ ಹಾಕಿಕೊಂಡಿದ್ದಳು. ಫೋನ್ ಮಾಡಿ ತೆಗೆ ಎಂದರು. "ಕೂಸಿನ ಚಂದನ್ನ ಫೋಟೋ ತೆಗಿ ಅಂತೀಯಲ್ಲ, ನಿನಗ ಬುದ್ಧಿ ಗಿದ್ಧಿ ಐತೇನಣ್ಣಾ?" ಎಂದು ಅವಳು ಜಗಳಕ್ಕೆ ಬಂದಳು. ಅದಕ್ಕೆ ನಿನ್ನ ಮುತ್ಯಾ ಹೇಳಿದ್ದು ಕೇಳಿ ನಾನು ಅಲ್ಲೇ ನಿಂತುಬಿಟ್ಟೆ. "ಕೂಸಲ್ಲ ಪಾರೂ, ಅವ ದೊಡ್ಡಾವ ಆಗ್ಯಾನ. ನನಗೂ ಈಗ ಗೊತ್ತಾಗಾಕತ್ತೈತಿ" ಎಂದರು. ಅವಳು ಆ ಸಂಜೆಯೇ ತೆಗೆದಳು. ಆ ಕಂಪನಿಯವರ ಹತ್ತಿರ ಎಲ್ಲೋ ಮೂಲೆಯಲ್ಲಿರುವ ನಕಲುಗಳು ಪೂರ್ತಿ ಅಳಿಯಲು ಇನ್ನೂ ಸ್ವಲ್ಪ ಕಾಲ ಬೇಕಂತೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ. ನಿಮ್ಮ ಹುಡುಗರ ಫೋನುಗಳಲ್ಲಿ ಏನು ಉಳಿದಿದೆಯೋ ನನಗೆ ತಿಳಿಯದು. ಅದಕ್ಕೆ ನಮ್ಮ ಹತ್ತಿರ ಗುಂಡಿ ಇಲ್ಲ.

ಇವತ್ತು ಬೆಳಿಗ್ಗೆ ನಾನು ದೊಡ್ಡಸ್ತಿಕೆಯಿಂದ, "ನೋಡ್ರಿ, ನನ್ನ ಬೀಗ ಹೆಂಗಿತ್ತು?" ಎಂದೆ. ಅವರು ಉಕ್ಕಿದ ಹಾಲು ಒರೆಸುತ್ತ, "ನಿನ್ನ ಹುಟ್ಟಿದ ದಿನಾನ ಹೌದಲ್ಲೊ? ಎರಡನೇ ದಿನಕ್ಕ ಗೊತ್ತಾತು. ತೆಗೀಲಿಲ್ಲ. ಹುಡುಗ ಮನೀಗಿ ಬರಬೇಕಲ್ಲ" ಎಂದರು. ನಿಶಾಂತಾ, ಬೀಗ ಜಗ್ಗದೆ ಬಿಡದ ಮನುಷ್ಯ, ಕೀಲಿ ಕೈಯಲ್ಲಿಟ್ಟುಕೊಂಡು ಇಡೀ ತಿಂಗಳು ಸುಮ್ಮನೆ ಕೂತಿದ್ದಾರೆ! ನನಗೆ ನಗು ಬಂತು, ಅಳುವೂ ಬಂತು. ನನ್ನ ಹುಟ್ಟಿದ ದಿನ ನೆನಪಿದ್ದೂ ಇಷ್ಟು ವರ್ಷ ಒಂದು ಮಾತು ಆಡದೆ ಇದ್ದದ್ದಕ್ಕೆ ಬೇರೆ ಜಗಳ ಇದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಸಂಕ್ರಮಣಕ್ಕೆ ಸಜ್ಜಿರೊಟ್ಟಿ, ಎಣ್ಣೆಗಾಯಿ, ನಿನಗೆಂದೇ ತುಪ್ಪ ಹೆಚ್ಚಾಗಿ ಹಾಕಿದ ಮಾದಲಿ. ಓದು ಎಲ್ಲಿಗೂ ಓಡಿಹೋಗುವುದಿಲ್ಲ, ಪುಸ್ತಕ ಇಲ್ಲಿಗೇ ತಾ. ನಿನ್ನ ಕೋಣೆಯ ಹುಡುಗರಿಗೂ ನಕ್ಕವರಿಗೂ ನನ್ನ ಆಶೀರ್ವಾದ ಹೇಳು. ಅವರೂ ಯಾರದೋ ಮನೆಯ ಮಕ್ಕಳು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಹಾದಿ ಕಾಯುವ
ಆಯಿ, ಸೂಗಮ್ಮ

ತಾ.ಕ.: ಏರ್‌ಪೋರ್ಟಿನ ಡ್ಯೂಟಿಗೆ ಹೊರಟ ನಿಮ್ಮಪ್ಪ ಶಂಶಾಬಾದಿನ ನಿಮ್ಮ ಹಾಸ್ಟೆಲಿನ ಗೇಟಿನಲ್ಲಿ ಇದನ್ನು ಕೊಟ್ಟು ಹೋಗಬೇಕು, ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಲಕೋಟೆಯಲ್ಲಿರುವ ಫೋಟೋ ನೋಡಿ ಗಾಬರಿಯಾಗಬೇಡ, ಅದು ನಿನ್ನದಲ್ಲ. ನಿನ್ನದು ಟ್ರಂಕಿನಲ್ಲಿದೆ, ಇಡುವುದೋ ಹರಿಯುವುದೋ ನೀನು ಬಂದು ಹೇಳು. ಹೆರಳು, ಮಲ್ಲಿಗೆ, ಕಣ್ಣಿಗೆ ಕಾಡಿಗೆ, ಪರಕಾರ ಪೋಲಕ ತೊಟ್ಟು ಅಳುಮೋರೆ ಮಾಡಿ ನಿಂತಿರುವ ಈ ಕೂಸು ನಿನ್ನ ಮುತ್ಯಾ! ರಾಯಚೂರಿನ ಶಾಲೆಯ ಹುಡುಗರು ನೋಡಿ ಕಾಡಿದರೆಂದು ಅಂದಿನಿಂದ ಬಚ್ಚಿಟ್ಟಿದ್ದರಂತೆ, ನನಗೂ ತೋರಿಸಿರಲಿಲ್ಲ. ಈಗ ತಾನೇ ತಂದು ಕೈಗಿಟ್ಟು, "ಇದನ್ನ ಅವಗ ಕಳಿಸು. ಹಾಸ್ಟೆಲಿನಾಗ ತೋರಸೂದು ಬಿಡೂದು ಅವನ ಕೈಯಾಗ ಐತಿ. ನಾ ಅವನ್ನ ಕೇಳಿರಲಿಲ್ಲ, ಅವ ನನ್ನ ಕೇಳೂದು ಬ್ಯಾಡ" ಎಂದರು.