ಮನೆಮಗಳಾಗಲು ಒಪ್ಪದ ಡ್ರೈವರ್

ಅಪ್ಪಾ,

ನನಗೆ ಲಾರಿ ಓಡಿಸುವ ಕೆಲಸ ಸಿಕ್ಕಿತು!

ಮೊದಲು ಹೋದದ್ದು ದೊಡ್ಡ ಕಂಪನಿಗೆ. "ಇಲ್ಲಿ ನೀನು ಮನೆಮಗಳ ಹಾಗೆ ಕಣಮ್ಮ," ಎಂದರು ಮ್ಯಾನೇಜರು. ಕೆಲಸದವರನ್ನು ಮಕ್ಕಳೆಂದು ಕರೆಯುವ ಧಣಿಯನ್ನು ನಂಬಬೇಡಿ ಎಂದು ಡ್ರೈವರುಗಳ ಸಂಘದ ಕರಪತ್ರವೊಂದರಲ್ಲಿ ಓದಿದ್ದೆ. ನಿನ್ನ ಮಾಲೀಕರೂ ನಿನ್ನನ್ನು ಮನೆಮಗ ಎನ್ನುತ್ತಿದ್ದರು.

"ನಿದ್ದೆ ಬಂದ್ರೆ ಲಾರಿ ನಿಲ್ಲಿಸಿ ಮಲಗಬಹುದಾ ಸಾರ್?"

"ಮನೆಮಗಳು ಅಂದ್ಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ."

ಎದ್ದು ಬಂದೆ.

ಎರಡನೆಯದು ಚಿಕ್ಕ ಕಂಪನಿ. ಅಲ್ಲೂ ಅದನ್ನೇ ಕೇಳಿದೆ. ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಒಡತಿ ಗದರಿದರು: "ಅದನ್ನೂ ಕೇಳ್ತಾರೇನೇ! ತೂಕಡಿಸ್ಕೊಂಡು ಓಡಿಸಿದ್ರೆ ಕೀ ಕಿತ್ಕೊಳ್ತೀನಿ. ನಾನೇನು ನಿಮ್ಮಮ್ಮ ಅಲ್ಲ."

ಕುಣಿಯುವಷ್ಟು ಖುಷಿಯಾಯಿತು. ಅಲ್ಲೇ ಸೇರಿಕೊಂಡೆ.

ನಾಳೆ ಮೊದಲ ಲೋಡು, ನೀನು ಕೊನೆಯ ಸಲ ಹೋದ ರಸ್ತೆಯಲ್ಲೇ. ನೀನು ತೂಕಡಿಸಿದ ಆ ತಿರುವಿಗೆ ಮುಂಚೆ ಲಾರಿ ನಿಲ್ಲಿಸಿ, ನಿದ್ದೆ ಬರದಿದ್ದರೂ ಸ್ವಲ್ಪ ಹೊತ್ತು ಮಲಗುತ್ತೇನೆ.