ತಾತನ ಕಿವಿ ಕೆಟ್ಟಿಲ್ಲ

ಬುಧವಾರ, ಸಂಜೆ ಆರು ಗಂಟೆ

ಅಣ್ಣನಿಗೆ,

ಕಣ್ಣು ಕಾಣದ ತಾತನಿಗೆ ನೀನು ‘ನಿನ್ನ ಕಿವಿಯೂ ಹೋಗ್ತಿದೆ’ ಎಂದು ಸುಳ್ಳು ಹೇಳಿದೆ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಇದು.

ಫೋನ್ ಮಾಡಬಹುದಿತ್ತು. ಆದರೆ ಬೇಡದ ಮಾತು ಬಂದ ಕೂಡಲೇ ನಿನಗೆ ಗಿರಾಕಿ ಬಂದುಬಿಡುತ್ತಾರೆ. ಈ ಕಾಗದವನ್ನು ಇವತ್ತು ನಿನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರಿನ ಕೆಳಗೆ ತಳ್ಳಿ ಬರುತ್ತೇನೆ. ಬೆಳಿಗ್ಗೆ ಬಾಗಿಲೆತ್ತುವಾಗ ಬಗ್ಗಿ ಎತ್ತಿಕೊ. ನೀನು ಬಗ್ಗುವುದು ಅಪರೂಪ.

ನಲವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದ ಮನುಷ್ಯ ತಾತ. ಕಣ್ಣು ಹೋದ ಮೇಲೂ ಕೆಲಸ ಬಿಡಲಿಲ್ಲ. ಪ್ರೆಸ್ಸಿನವರು ಕರಡು ಕಳಿಸುತ್ತಾರೆ, ಮಹಡಿಯ ಕೋಣೆಯಲ್ಲಿರುವ ಆ ನಾಲ್ಕು ಕೈ ದಾಟಿ ಬಂದ ಅಗ್ಗದ ಕಂಪ್ಯೂಟರು ಓದುತ್ತದೆ, ತಾತ ಹೆಡ್‌ಫೋನ್ ಹಾಕಿಕೊಂಡು ತಪ್ಪು ಹಿಡಿಯುತ್ತಾನೆ. ಅಲ್ಪವಿರಾಮ ಬಿಟ್ಟುಹೋಗಿದ್ದರೂ, ಯಂತ್ರ ಎಲ್ಲಿ ನಿಲ್ಲಲಿಲ್ಲ ಎಂಬುದರಿಂದಲೇ ಅವನಿಗೆ ಗೊತ್ತಾಗುತ್ತದೆ. ನನ್ನ ಸಂಘದ ಕರಪತ್ರಗಳನ್ನೂ ಅವನೇ ತಿದ್ದುವುದು. ‘ಕೋಪ ಜಾಸ್ತಿ, ಕ್ರಿಯಾಪದ ಕಮ್ಮಿ’ ಎನ್ನುತ್ತಾನೆ.

ಹೋದ ತಿಂಗಳು ನೀನು ಬಂದೆ. ‘ಇದು ಕತ್ತೆ ಥರ ನಡೀತಿದೆ ತಾತ, ನೋಡ್ತಿರು, ಕುದುರೆ ಮಾಡ್ತೀನಿ’ ಎಂದು ಯಂತ್ರದ ಕ್ಲಾಕ್ ವೇಗ ಏರಿಸಿ, ಓವರ್‌ಕ್ಲಾಕ್ ಮಾಡಿಕೊಟ್ಟು ಹೋದೆ. ಅದಾದ ವಾರದಲ್ಲೇ ದನಿಯಲ್ಲಿ ಚಟಚಟ ಶುರುವಾಯಿತು. ತಾತ ಹೇಳಿ ಕಳಿಸಿದ. ನೀನು ಹೆಲ್ಮೆಟ್ ಕೈಯಲ್ಲೇ ಹಿಡಿದು ಬಂದೆ, ಡಬ್ಬ ಬಿಚ್ಚಿದೆ, ಮುಚ್ಚಿದೆ, ಒಂದು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ‘ನಂಗೆ ಚೆನ್ನಾಗೇ ಕೇಳ್ತಿದೆಯಲ್ಲ! ವಯಸ್ಸಾಯ್ತು ತಾತ, ಕಿವಿ ತೋರಿಸ್ಕೋ’ ಎಂದೆ. ತಾತ ಪೆದ್ದನಲ್ಲ. ‘ರೇಡಿಯೋ ಸರಿಯಾಗೇ ಕೇಳುತ್ತಲ್ಲೋ?’ ಎಂದು ಕೇಳಿದ. ಅದಕ್ಕೂ ನಿನ್ನಲ್ಲಿ ಉತ್ತರ ರೆಡಿ: ‘ರೇಡಿಯೋದ್ದು ದಪ್ಪ ದನಿ. ಮೊದಲು ಹೋಗೋದು ಸಣ್ಣ ದನಿ.’ ಎಷ್ಟು ಸಲೀಸಾಗಿ ಬಂತು ಮಾತು! ಅಷ್ಟು ಸಲೀಸಾಗಿ ನೀನು ಸ್ಕ್ರೂ ಕೂಡ ತಿರುಗಿಸುವುದಿಲ್ಲ.

ಮಾರನೆಯ ದಿನವೇ ತಾತ ಪ್ರೆಸ್ಸಿಗೆ ಇನ್ನು ಕರಡು ಕಳಿಸಬೇಡಿ ಎಂದು ಹೇಳಿಬಿಟ್ಟ. ಈಗ ಏನು ಮಾಡುತ್ತಿದ್ದಾನೆ ಗೊತ್ತೇ? ಕಿವುಡನಾಗುವ ಅಭ್ಯಾಸ. ಬಾಗಿಲು ತಟ್ಟಿದ್ದು ಕೇಳಲೆಂದು ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆಸಿಕೊಂಡಿದ್ದಾನೆ. ಸ್ಪಷ್ಟವಾಗಿ ಕೇಳಿಸಿದ ಮಾತಿಗೂ ‘ಏನಂದೆ?’ ಎನ್ನುತ್ತಾನೆ. ಅಮ್ಮ ಗಟ್ಟಿಯಾಗಿ ಹೇಳಿದರೆ ‘ಹಾಗೇ ಕೂಗಿ ರೂಢಿ ಮಾಡ್ಕೋ ಮಗಳೇ, ಮುಂದೆ ಬೇಕಾಗುತ್ತೆ’ ಎಂದು ನಗುತ್ತಾನೆ. ಆ ನಗು ನೋಡಲು ನೀನು ಇಲ್ಲಿರಬೇಕಿತ್ತು.

ಕಳೆದ ಭಾನುವಾರ ನನ್ನ ಕರಪತ್ರ ತಿದ್ದುವವರಿಲ್ಲದೆ ನಾನೇ ಆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಕಾದ ಎಣ್ಣೆಗೆ ನೀರು ಬಿದ್ದ ಸದ್ದು! ಅದರ ನಡುವೆ ಅರ್ಧರ್ಧ ಪದ.

ನಾನು ನಿನ್ನ ಹಾಗೆ ಕೋರ್ಸ್ ಮಾಡಿದವಳಲ್ಲ. ಕೇಬಲ್ಲು ಯಾವುದು ಎಂದು ಕೇಳಿದರೆ ಬಣ್ಣ ಹೇಳುವವಳು. ಆದರೂ ಹೆಡ್‌ಫೋನನ್ನು ನನ್ನ ಮೊಬೈಲಿಗೆ ಸಿಕ್ಕಿಸಿದೆ, ಶುದ್ಧ ದನಿ. ಅಲ್ಲಿಗೆ ಹೆಡ್‌ಫೋನಿನ ತಪ್ಪಿಲ್ಲ. ದನಿ ಹೊರಡಿಸುವ ಸೌಂಡ್ ಕಾರ್ಡ್ ಕಿತ್ತು, ಅದರ ಹಿತ್ತಾಳೆ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜಿ ಪಕ್ಕದ ಸಂದಿಗೆ ಹಾಕಿದೆ, ಚಟಚಟ. ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಚಟಚಟ. ಒಂದು ಇಡೀ ದಿನ ಹೋಯಿತು. ಕೊನೆಗೆ ಕಾರ್ಡನ್ನು ಮತ್ತೊಮ್ಮೆ ಕೀಳಲು ಡಬ್ಬದ ಬಾಗಿಲು ತೆಗೆದಾಗ ಬೆಳಕು ಅದರ ಒಳಮೈಗೆ ಬಿತ್ತು. ನಿನ್ನ ಚೀಟಿ. ಯಾವ ಯಂತ್ರ ಮುಟ್ಟಿದರೂ ತಾರೀಖು ಹಾಕಿ ಮಾಡಿದ್ದನ್ನು ಬರೆದು ಅಂಟಿಸುತ್ತೀಯಲ್ಲ, ನಿನ್ನ ಹೆಮ್ಮೆಯ ಶಿಸ್ತು!

ಮೊದಲ ಸಾಲು: ‘ಕ್ಲಾಕ್ 100ರಿಂದ 112.’ ಎರಡನೆಯ ಸಾಲಿಗೆ ನೀನು ಹೆಲ್ಮೆಟ್ ಹಿಡಿದು ಬಂದ ದಿನದ ತಾರೀಖು: ‘ಸೌಂಡ್ ತೊಂದರೆ ಕ್ಲಾಕ್‌ನಿಂದಲೇ. ಆಮೇಲೆ ಇಳಿಸುವುದು.’

ಕಣ್ಣಿಲ್ಲದವನ ಕೋಣೆಯಲ್ಲಿ ನಿಜವನ್ನು ಕಾಗದದ ಮೇಲೆ ಬರೆದಿಟ್ಟು, ಸುಳ್ಳನ್ನು ಬಾಯಲ್ಲಿ ಹೇಳಿ ಹೋದೆ. ನಾನು ಓದಿದ ಯಾವ ಕಿರುಹೊತ್ತಿಗೆಯಲ್ಲೂ ಇಂಥ ನೀಚತನದ ವಿವರಣೆ ಇಲ್ಲ. ಗೊತ್ತಿರುವವನು ಗೊತ್ತಿಲ್ಲದವನನ್ನು ಆಳುತ್ತಾನೆ ಎಂದು ಓದಿದ್ದೆ. ಆದರೆ ನೀನು ಆಳುವವನೂ ಅಲ್ಲ. ‘ನನ್ನಿಂದ ತಪ್ಪಾಯ್ತು ತಾತ’ ಎಂಬ ಮೂರು ಪದ ಉಳಿಸಿಕೊಳ್ಳಲು ಮುದುಕನ ಕಿವಿ ಕಿತ್ತುಕೊಂಡ ಪುಕ್ಕಲ. ಅಂಗಡಿಯ ಮುಂದೆ ಮಾತ್ರ ಬೋರ್ಡು: ‘ಹಳೆಯದಕ್ಕೆ ಹೊಸ ಜೀವ’!

ಯಂತ್ರ ಶುರುವಾಗುವಾಗ ಡಿಲೀಟ್ ಕೀಲಿ ಒತ್ತಿ ಸೆಟ್ಟಿಂಗಿನ ನೀಲಿ ಪರದೆಗೆ ಹೋಗಿ ನಾನೇ 112ನ್ನು ಮತ್ತೆ 100 ಮಾಡಿದೆ. ಈ ಅಗ್ಗದ ಬೋರ್ಡಿನಲ್ಲಿ ಒಂದೇ ತಾಳಕ್ಕೆ ಎಲ್ಲವೂ ಕುಣಿಯಬೇಕಂತೆ. ಪ್ರೊಸೆಸರನ್ನು ಓಡಿಸಿದರೆ ಸೌಂಡ್ ಕಾರ್ಡೂ ಏದುಸಿರು ಬಿಡುತ್ತಾ ಓಡಬೇಕು. ಈಗ ಯಂತ್ರ ಮತ್ತೆ ಕತ್ತೆಯಂತೆ ನಡೆಯುತ್ತಿದೆ, ಒಂದೊಂದು ಅಕ್ಷರವೂ ಕೇಳುತ್ತಿದೆ. ಎರಡು ನಿಮಿಷದ ಕೆಲಸ, ಅಣ್ಣ. ನಿನಗೆ ಅದಕ್ಕೂ ಪುರಸೊತ್ತಿರಲಿಲ್ಲ.

ತಾತನಿಗೆ ಇನ್ನೂ ಹೇಳಿಲ್ಲ. ಸುಳ್ಳು ಬಂದ ಬಾಯಿಂದಲೇ ನಿಜವೂ ಬರಬೇಕು. ಆ ಚೀಟಿಯನ್ನು ನೀನೇ ಅವನಿಗೆ ಓದಿ ಹೇಳಬೇಕು. ಅತ್ತಿಗೆಯನ್ನು ಅಡ್ಡ ನಿಲ್ಲಿಸಿಕೊಳ್ಳಬೇಡ, ಒಬ್ಬನೇ ಬಾ. ಭಾನುವಾರ ಅಂಗಡಿಗೆ ರಜೆ, ಅವತ್ತು ಸಂಜೆ ಐದಕ್ಕೆ ಬಾ.

ಇಂತಿ,
ತಂಗಿ ಎಂದು ಬರೆದುಕೊಳ್ಳಲು ಸದ್ಯಕ್ಕೆ ನಾಚುವ,
ನಿನ್ನ ತಂಗಿ

ತಾ.ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ತಾತ ನಿನ್ನ ಮಾತನ್ನು ನಂಬಿರಲಿಲ್ಲ. ನೀನು ಹೋದ ಮೇಲೆ ನನ್ನನ್ನು ಕರೆದು ಹೆಡ್‌ಫೋನ್ ಕೈಗೆ ಕೊಟ್ಟ. ‘ಅವನು ಅಂಗಡಿಯವನು, ಏನೋ ಹೇಳ್ತಾನೆ. ನೀನು ಸುಳ್ಳು ಹೇಳೋಳಲ್ಲ. ಕೇಳಿ ಹೇಳು’ ಎಂದ. ನನಗೆ ಸಭೆಗೆ ಹೊತ್ತಾಗಿತ್ತು. ಅದನ್ನು ಕಿವಿಗೆ ಇಟ್ಟುಕೊಳ್ಳಲೇ ಇಲ್ಲ. ಬೀರುವಿನಲ್ಲಿ ಕರಪತ್ರದ ಕಟ್ಟು ಹುಡುಕುತ್ತಲೇ ‘ಚೆನ್ನಾಗಿದೆ ತಾತ, ಸ್ಪಷ್ಟವಾಗಿದೆ’ ಎಂದೆ. ಅವನು ಪ್ರೆಸ್ಸಿಗೆ ಬೇಡವೆಂದದ್ದು ಅದಾದ ಮೇಲೆ. ಮೂರು ದಿನದಿಂದ ಅವನಿಗೆ ನಿಜ ಹೇಳದಿರುವುದು ನಿನಗಾಗಿ ಕಾದು ಅಲ್ಲ, ನನ್ನ ಬಾಯಿ ಏಳುತ್ತಿಲ್ಲ, ಅದಕ್ಕೆ. ಭಾನುವಾರ ಎಂದು ಬರೆದದ್ದೂ ಅದಕ್ಕೇ. ಅದನ್ನು ಹೊಡೆದುಹಾಕು. ಅವನು ಇನ್ನು ನಾಲ್ಕು ದಿನ ‘ಏನಂದೆ?’ ಎನ್ನುವುದನ್ನು ಕೇಳಲಾರೆ. ಚೀಟಿ ಇದ್ದಲ್ಲೇ ಇದೆ, ನೀನು ಓದು. ಅದಕ್ಕೂ ಮೊದಲು ನನ್ನದನ್ನು ನಾನು ಹೇಳುತ್ತೇನೆ. ನಾಳೆ, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ತಾತನ ಕೋಣೆಯಲ್ಲಿ.