ದೊರೆಗೆ ಕೊಟ್ಟ ಬಿಸ್ಕತ್ತು

ನಾಯಿ ಮೇಷ್ಟ್ರಿಗೆ,

ನೀವು ಕಲಿಸಿ ಕಳಿಸಿದ ದೊರೆ ಚೆನ್ನಾಗಿದ್ದಾನೆ. ನಾನು ಚೆನ್ನಾಗಿಲ್ಲ. ನನಗೆ ಫಿಟ್ಸ್ ಬರುವ ಮುಂಚೆ ತೊಡೆಯ ಮೇಲೆ ಕಾಲಿಟ್ಟು ಎಚ್ಚರಿಸುವುದು ಅವನ ಕೆಲಸ. ಈಗ ದಿನಕ್ಕೆ ಇಪ್ಪತ್ತು ಸಲ ಇಡುತ್ತಾನೆ. ಇಟ್ಟ ಕೂಡಲೇ ಮಗಳು, "ಕೂತ್ಕೋಮ್ಮಾ! ನಾಯಿ ನಿನ್ ಥರ ಸುಳ್ಳು ಹೇಳಲ್ಲ" ಅಂತ ಬಾಗಿಲಿಗೆ ಚಿಲಕ ಹಾಕುತ್ತಾಳೆ. ಮೂರು ವಾರದಿಂದ ಬೀದಿ ಕಂಡಿಲ್ಲ. ಎದುರುಮನೆ ಗೆಳತಿಯ ಹತ್ತಿರ ಕಿಟಕಿಯಿಂದಲೇ ಜಗಳ.

ತಪ್ಪು ನನ್ನದೇ. ಸುಮ್ಮನೆ ಕಾಲಿಟ್ಟರೆ ಬಿಸ್ಕತ್ತು ಕೊಡಬೇಡಿ ಅಂತ ನೀವು ಬಡಕೊಂಡಿರಿ. ಮುದ್ದು ಬಂತು, ಕೊಟ್ಟೆ. ಸಲಿಗೆ ಕೊಟ್ಟರೆ ನಾಯಿ ತಲೆಗೇರುತ್ತೆ ಅನ್ನುವುದು ನನಗೂ ಗೊತ್ತು. ಇವನು ತೊಡೆ ತನಕ ತಾನೇ ಅಂದುಕೊಂಡೆ.

ಮಗಳಿಗೆ ಬಿಸ್ಕತ್ತಿನ ವಿಷಯ ಹೇಳಿದರೆ ಅವನನ್ನು ವಾಪಸ್ ಕಳಿಸುತ್ತಾಳೆ. ಅದಾಗಕೂಡದು. ಸುಮ್ಮನೆ ನೋಡಲು ಬಂದೆ ಅಂತ ಹೇಳಿಕೊಂಡು ಬನ್ನಿ. ಅವನಿಗೆ ಮತ್ತೆ ಕಲಿಸಿ, ನನ್ನನ್ನು ಬೈಯಿರಿ.

ಈಗಲೂ ಕಾಲಿಟ್ಟಿದ್ದಾನೆ. ಖಾಲಿ ಡಬ್ಬಿ ತೋರಿಸಿದೆ, ಆದರೂ ಕಾಲು ತೆಗೆಯುತ್ತಿಲ್ಲ. ನಿಜವೋ, ಬಿಸ್ಕತ್ತಿಗೋ, ನನಗಂತೂ ತಿಳಿಯುತ್ತಿಲ್ಲ. ಮಗಳನ್ನು ಕೂಗುವುದಿಲ್ಲ. ಬಿದ್ದರೂ ಪೆಟ್ಟಾಗದ ಹಾಗೆ, ಪೆನ್ನು ಇಟ್ಟು ನೆಲದ ಮೇಲೆ ಕೂರುತ್ತೇನೆ.

ಬೇಗ ಬನ್ನಿ.

ಇಂತಿ,
ದೊರೆಯ ಅಜ್ಜಿ